ಕಲ್ಮಲ ಕ್ರಾಸ್, ಎಲ್ಲರೂ ಬಿಟ್ಟುಹೋದ ಮೇಲೆ

ಲ್ಯಾಪ್‌ಟಾಪ್ ಮುಚ್ಚಿದ ಮೇಲೂ ಕೈ ಸುಮ್ಮನಿರಲ್ಲ, ಫೋನ್ ಹುಡುಕುತ್ತೆ. ಆ ಕೈಗೆ ಬೇರೆ ಕೆಲಸ ಕೊಡೋ ಹವ್ಯಾಸಗಳ ಬಗ್ಗೆ ಇಲ್ಲಿ ಬರೀತಾ ಇರ್ತೀನಲ್ಲ, ಈ ಸಲದ್ದು ಸ್ವಲ್ಪ ವಿಚಿತ್ರ. ಹಾಳೂರು ಕಟ್ಟೋದು! ಎರಡಡಿ ಉದ್ದ, ಎರಡಡಿ ಅಗಲದ ಪ್ಲೈವುಡ್ ಹಲಗೆ ಮೇಲೆ, ಜಗತ್ತು ಮುಗಿದು ಐವತ್ತು ವರ್ಷ ಕಳೆದ ಒಂದು ಊರನ್ನ ಕಟ್ಟಿ, ಅದರೊಳಗೆ ಬೆರಳಿಗಿಂತ ಚಿಕ್ಕ ಗೊಂಬೆಗಳನ್ನ ಬಿಟ್ಟು ಯುದ್ಧದಾಟ ಆಡೋದು.

ಮಿನಿಯೇಚರ್ ವಾರ್‌ಗೇಮ್ ಅಂತಾರೆ ಇದಕ್ಕೆ. ಚದುರಂಗದ ಹಾಗೆ ಇಲ್ಲಿ ಮನೆಗಳಿಲ್ಲ. ಟೇಪಿನಲ್ಲಿ ಅಳೆದು ಗೊಂಬೆ ನಡೆಸಬೇಕು, ದಾಳ ಹಾಕಿ ಗುಂಡು ತಗುಲಿತೋ ಇಲ್ವೋ ನೋಡಬೇಕು, ಗೋಡೆ ಹಿಂದೆ ಅಡಗಿದ್ರೆ ಬಚಾವು. ಎಚ್.ಜಿ. ವೆಲ್ಸ್ 1913ರಲ್ಲೇ ‘ಲಿಟಲ್ ವಾರ್ಸ್’ ಅಂತ ಇಂಥ ಆಟದ ನಿಯಮಗಳ ಪುಸ್ತಕ ಬರೆದಿದ್ದ. 1987ರಲ್ಲಿ ಬ್ರಿಟನ್ನಿನ ಗೇಮ್ಸ್ ವರ್ಕ್‌ಶಾಪ್ ಕಂಪನಿ ವಾರ್‌ಹ್ಯಾಮರ್ 40,000 ಆಟ ತಂದಮೇಲಂತೂ ಇದು ದೊಡ್ಡವರ ಗಂಭೀರ ಹುಚ್ಚಾಯ್ತು. ನಮಗೇನೂ ಪೂರಾ ಹೊಸದಲ್ಲ ಬಿಡಿ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು, ಗ್ವಾದಲಿ ಮಾಡಿ ಬೆಳೆದ ಕೈಗಳಿಗೆ ಇಷ್ಟು ಕಷ್ಟ ಆಗಬಾರದು.

ತೊಂದರೆ ಏನಂದ್ರೆ, ವಿಡಿಯೊ ನೋಡಿ ಕಲಿಯೋಕೆ ಹೋದ್ರೆ ಸಿಗೋದೆಲ್ಲ ಚೂಪು ಕಮಾನಿನ ಚರ್ಚು, ಬಾಂಬು ಬಿದ್ದ ಯುರೋಪಿನ ಬೀದಿ. ಚೆನ್ನಾಗಿಯೇ ಇರುತ್ತೆ, ಆದ್ರೆ ನಮ್ಮ ಕಣ್ಣಿಗೆ ಯಾರದೋ ಊರು. ನಾನು ಆರಿಸಿಕೊಂಡಿದ್ದು ಕಲ್ಮಲ ಕ್ರಾಸ್. ರಾಯಚೂರಿನಿಂದ ಲಿಂಗಸುಗೂರು ಕಡೆ ಹೊರಟರೆ ಸಿಗೋ ಊರು. ಇಲ್ಲೇ ಮಾನ್ವಿ, ಸಿಂಧನೂರಿನ ದಾರಿ ಕವಲೊಡೆಯುತ್ತೆ. ಒಂದು ಚಹಾದಂಗಡಿ, ಪಂಕ್ಚರ್ ಅಂಗಡಿ, ಶಟರ್ ಹಾಕಿದ ಎರಡು ಮಳಿಗೆ, ಹಿಂದೆ ಒಂದೆರಡು ಮಣ್ಣಿನ ಮಾಳಿಗೆ ಮನೆ. ಕ್ರಾಸಿನ ಅಷ್ಟೂ ಕಟ್ಟಡ ಅಳತೆ ಮಾಡಿ ನಕಲು ಮಾಡಿಲ್ಲ, ಆ ಕಡೆಯ ಕ್ರಾಸುಗಳಲ್ಲಿ ಕಾಣೋದನ್ನ ಸೇರಿಸಿದ್ದೀನಿ.

ಮೊದಲು ಲೆಕ್ಕ. ಮಾರುಕಟ್ಟೆಯ ಸಾಮಾನ್ಯ ಗೊಂಬೆ 28 ಮಿ.ಮೀ.ನದು, ಅಂದ್ರೆ ಹೆಚ್ಚುಕಮ್ಮಿ ನಿಜದ 56ರಲ್ಲಿ ಒಂದು ಪಾಲು. ಹಾಗಾಗಿ ನಮ್ಮ ಎರಡಡಿ ಹಲಗೆ ಅಂದ್ರೆ 112 ಅಡಿ ಜಾಗ, ಒಂದು ಕ್ರಾಸಿಗೆ ಸರಿಹೋಗುತ್ತೆ. 10 ಅಡಿ ಎತ್ತರದ ಮಹಡಿ ಇಲ್ಲಿ 54 ಮಿ.ಮೀ., 7 ಅಡಿ ಬಾಗಿಲು 38 ಮಿ.ಮೀ., 9 ಇಂಚಿನ ಗೋಡೆ ಬರೀ 4 ಮಿ.ಮೀ. ದಪ್ಪ. ಎಲ್ಲರೂ ಎಡವೋದು ಕಬ್ಬಿಣದ ಸರಳಿನಲ್ಲಿ. ಮುರಿದ ಪಿಲ್ಲರಿನಿಂದ ಸೆಂಟ್ರಿಂಗ್‌ನವರ ಬೈಂಡಿಂಗ್ ವೈರ್ ಚಾಚಿಸಿಬಿಡ್ತಾರೆ. ಅದು ಹತ್ತಿರಹತ್ತಿರ 1 ಮಿ.ಮೀ. ಇರುತ್ತೆ, ಗೊಂಬೆಯ ಪಕ್ಕ ಎರಡಿಂಚು ದಪ್ಪದ ಪೈಪಿನ ಹಾಗೆ ಕಾಣುತ್ತೆ. ನಿಜವಾದ 16 ಮಿ.ಮೀ. ಸರಳು ಈ ಅಳತೆಯಲ್ಲಿ 0.3 ಮಿ.ಮೀ. ಕೂಡ ಬರಲ್ಲ. ಮನೆ ವೈರಿಂಗಿನ ಹಳೇ ತುಂಡಿನ ಸಿಪ್ಪೆ ಸುಲಿದರೆ ಒಳಗಿನ ತಾಮ್ರದ ಎಳೆ ಇದೆಯಲ್ಲ, ಅದೇ ಸರಿಯಾದದ್ದು.

ಒಂದು ಕಡೆ ಮಾತ್ರ ಅಳತೆಗೆ ಮೋಸ ಮಾಡಲೇಬೇಕು, ಮೆಟ್ಟಿಲಲ್ಲಿ. 3 ಅಡಿ ಅಗಲದ ಮೆಟ್ಟಿಲು ಇಲ್ಲಿ 16 ಮಿ.ಮೀ. ಆಗುತ್ತೆ, ಗೊಂಬೆಯ ಕೆಳಗಿನ ಬಿಲ್ಲೆ 25 ಮಿ.ಮೀ. ಅದು ನಿಲ್ಲದಿದ್ರೆ ಆಟ ಹೇಗೆ? ಮೆಟ್ಟಿಲನ್ನ ಧಾರಾಳವಾಗಿ ಅಗಲ ಮಾಡಿ, ಯಾರೂ ಕೇಳಲ್ಲ.

ಈಗ ಮುರಿಯೋ ವಿಷಯ. ಹೊಸಬರು ಚಂದದ ಮನೆ ಕಟ್ಟಿ, ಆಮೇಲೆ ಕೈಗೆ ಬಂದ ಕಡೆ ಚಿವುಟಿ ಹಾಳು ಮಾಡ್ತಾರೆ. ಆದ್ರೆ ಗೋಡೆ ಎಲ್ಲಿ ಬೇಕಾದಲ್ಲಿ ಬೀಳಲ್ಲ. ಮಾನ್ವಿ, ಲಿಂಗಸುಗೂರು ಕಡೆಯ ಎರಿಭೂಮಿ ನೋಡಿ: ಮಳೆಗೆ ಉಬ್ಬುತ್ತೆ, ಬೇಸಿಗೆಗೆ ಕೈ ಹೋಗೋಷ್ಟು ಬಿರಿಯುತ್ತೆ. ಅದರ ಮೇಲೆ ನಿಂತ ಇಟ್ಟಿಗೆ ಮನೆಗೆ ಬಿರುಕು ಶುರುವಾಗೋದು ಕಿಟಕಿ, ಬಾಗಿಲಿನ ಮೂಲೆಯಿಂದ, ಓರೆಯಾಗಿ, ಮೆಟ್ಟಿಲು ಮೆಟ್ಟಿಲಾಗಿ. ಬ್ಲೇಡಿನಲ್ಲಿ ಹಾಗೇ ಗೀರಿ. ಮಣ್ಣಿನ ಮಾಳಿಗೆ ಮನೆಯ ಕಥೆ ಬೇರೆ. ತೊಲೆ, ಅದರ ಮೇಲೆ ಜಂತಿ, ಅದರ ಮೇಲೆ ಕಟ್ಟಿಗೆ, ಮೇಲೆ ಮಣ್ಣು. ವಾರಗಟ್ಟಲೆ ಮಳೆ ಹಿಡಿದರೆ ಮಣ್ಣು ನೀರು ಕುಡಿದು ಭಾರ ಆಗಿ ಮಾಳಿಗೆ ಒಳಗೆ ಕೂರುತ್ತೆ. ಗೋಡೆ ಸುತ್ತ ಉಳಿದು, ನಡುವೆ ಗುಡ್ಡೆ.

2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲಲ್ಲಿ ಉತ್ತರ ಕರ್ನಾಟಕದಲ್ಲಿ ಆಗಿದ್ದು ಇದೇ. ಮೇಲಿಂದ ಮಳೆ, ಕೆಳಗಿಂದ ಕೃಷ್ಣೆ, ತುಂಗಭದ್ರೆ. ರಾಯಚೂರು ಜಿಲ್ಲೆಯ ಹೊಳೆ ದಂಡೆಯ ಊರುಗಳಲ್ಲಿ ಮಣ್ಣಿನ ಮನೆಗಳು ಸಾಲಾಗಿ ಕೂತುಬಿಟ್ಟವು. ಸರ್ಕಾರ ಆಮೇಲೆ ‘ಆಸರೆ’ ಅಂತ ಯೋಜನೆ ಮಾಡಿ ಮನೆ ಕಟ್ಟಿಸಿಕೊಡ್ತು, ಎಷ್ಟೋ ಊರು ಜಾಗ ಬದಲಿಸಿದವು. ನಮ್ಮ ದೊಡ್ಡವ್ವನ ಮನೆಯೂ ಆ ಮಳೆಯಲ್ಲಿ ಹೋದದ್ದೇ. ಈಗ ಮಗನ ಜೊತೆ ಕಲ್ಮಲದಲ್ಲಿದ್ದಾಳೆ. ಇಂಥದ್ದೊಂದು ಮಾಡ್ತಿದ್ದೀನಿ ಅಂತ ಫೋನಿನಲ್ಲಿ ಒಂದು ಫಾರಿನ್ ಕಿಟ್‌ನ ಫೋಟೊ ತೋರಿಸಿದೆ. ಮೂಗಿನ ಹತ್ತಿರ ಹಿಡಿದು ನೋಡಿದಳು.

“ಇದೇನಪ ತಮ್ಮಾ, ಮನಿ ಬಿದ್ದದ, ಬಾಗಲ ಹಂಗೇ ನಿಂತದ? ಊರು ಬಿಡೋರು ಮೊದಲ ಬಾಗಲ ಕಿತ್ಕೊಂಡು ಹೋಗ್ತಾರ.”

“ಮತ್ತ ಏನ್ ಬಿಡ್ತಾರ ದೊಡ್ಡವ್ವಾ?”

“ಒಳ್ಳು. ನೆಲದಾಗ ಹೂತಿದ್ದು, ಯಾರ್ ಅಗೀಬೇಕು ಅದನ್ನ? ದೀಪದ ಮಾಡ ಒಯ್ಯಾಕ ಬರಂಗಿಲ್ಲ. ತೊಲಿ, ಜಂತಿ ಎಲ್ಲ ಬಿಚ್ಚಿಕೊಂಡ್ವಿ. ಆ ಬಾಗಲ ನೋಡು, ಅಲ್ಲೇ ಅದ.” ಹಿತ್ತಲ ಬಾಗಿಲಿಗೆ ಹಳೇ ಮನೆಯದ್ದೇ ತೇಗದ ಕದ. ಚೌಕಟ್ಟಿಗೆ ಹೊಂದಲಿ ಅಂತ ಕೆಳಗೆ ನಾಲ್ಕು ಬೆರಳು ಕೊಯ್ದಿದ್ದಾರೆ.

ನನಗೆ ಯಾವ ವಿಡಿಯೊದಲ್ಲೂ ಸಿಗದ ಪಾಠ ಇದು. ಹಾಳುಬಿದ್ದ ಊರು ನೋಡಿದ್ರೆ ಏನು ಮುರೀತು ಅನ್ನೋದರ ಜೊತೆ ಏನನ್ನ ಒಯ್ದರು ಅನ್ನೋದೂ ಕಾಣಬೇಕು. ಆಲಮಟ್ಟಿಯ ಹಿನ್ನೀರಿಗೆ ಹಳೇ ಬಾಗಲಕೋಟೆಯ ಒಂದಷ್ಟು ಭಾಗ ಹೋಗಿ ಜನ ನವನಗರಕ್ಕೆ ಬಂದರಲ್ಲ, ಮುಳುಗಡೆ ಊರಿನವರನ್ನ ಯಾರನ್ನಾದ್ರೂ ಕೇಳಿ, ಮರದ ಸಾಮಾನಿನ ಮಾತು ಬಂದೇ ಬರುತ್ತೆ.

ಹಾಗಾಗಿ ಮಾಳಿಗೆ ಮನೆಯ ಮಾದರಿಯಲ್ಲಿ ನಾನು ಮಾಡಿದ್ದು ಇಷ್ಟು. ಗೋಡೆಯ ಮೇಲ್ಭಾಗದಲ್ಲಿ ಒಂದೇ ಸಾಲಿನಲ್ಲಿ ಚೌಕ ತೂತುಗಳು, ಜಂತಿ ಎಳೆದುಕೊಂಡ ಗುರುತು. ಬಾಗಿಲ ಮೇಲಿನ ಮರದ ಪಟ್ಟಿ ತೆಗೆದರೆ ಅದರ ಮೇಲಿನ ಗೋಡೆ ತ್ರಿಕೋನವಾಗಿ ಉದುರುತ್ತೆ, ಆದ್ದರಿಂದ ಬಾಗಿಲು ಆಯತ ಅಲ್ಲ, ಮೇಲೆ ಗೋಪುರದಂಥ ಬಾಯಿ. ಒಳಗೋಡೆಯಲ್ಲಿ ಸಣ್ಣ ಮಾಡ, ಅದರ ಮೇಲೆ ಪೆನ್ಸಿಲ್ ಪುಡಿ ತಿಕ್ಕಿ ಹೊಗೆಯ ಕಪ್ಪು. ನೆಲದಲ್ಲಿ ಅರ್ಧ ಹೂತ ಒಂದು ಮಣಿ, ನಡುವೆ ತೂತಿರೋದು. ಅದೇ ಒಳ್ಳು. ಅಷ್ಟು ಚಿಕ್ಕ ವಸ್ತುವಿನಿಂದ ಅದು ಅಡುಗೆಮನೆ ಅಂತ ತಿಳಿಯುತ್ತೆ.

ಸಿಮೆಂಟ್ ಕಟ್ಟಡಕ್ಕೂ ಇದೇ ತರ್ಕ. ಶಟರ್, ಕಿಟಕಿಯ ಗ್ರಿಲ್, ನಲ್ಲಿ, ಎಲ್ಲ ಗುಜರಿಗೆ ಹೋಗಿರುತ್ತೆ. ಸ್ಲ್ಯಾಬ್ ಒಡೆದು ಸರಳೂ ಎಳೆದಿರ್ತಾರೆ. ಅರ್ಧ ಸರಳು ಕಿತ್ತು, ಅರ್ಧ ಬಗ್ಗಿಸಿ ಬಿಟ್ಟ ಹಾಗೆ ಮಾಡಿ. ಇಲ್ಲೊಂದು ತಮಾಷೆ ಇದೆ: ಮುಂದಿನ ಮಹಡಿಗೆ ಅಂತ ಪಿಲ್ಲರ್ ಮೇಲೆ ತುಕ್ಕು ಹಿಡಿದ ಸರಳು ಬಿಟ್ಟುಕೊಂಡೇ ಇರೋ ನಮ್ಮ ಊರುಗಳಲ್ಲಿ ಯಾವುದು ಕಟ್ಟುತ್ತಿರೋದು, ಯಾವುದು ಬೀಳುತ್ತಿರೋದು ಅಂತ ದೂರದಿಂದ ಹೇಳೋಕಾಗಲ್ಲ. ಗೋಡೆಯ ಜಾಹೀರಾತನ್ನ ಪೇಪರಿನಲ್ಲಿ ಚಿಕ್ಕದಾಗಿ ಪ್ರಿಂಟ್ ತೆಗೆದು ಅಂಟಿಸಿ, ಉಪ್ಪುಕಾಗದದಲ್ಲಿ ತಿಕ್ಕಿ. ಪೋಸ್ಟರಿನಲ್ಲಿ ಬಿಸಿಲಿಗೆ ಮೊದಲು ಹೋಗೋದು ಕೆಂಪು, ಹಳದಿ. ಕೊನೆಗೆ ಉಳಿಯೋದು ನೀಲಿ. ಕಟ್ಟೆಗೆ ಶಹಾಬಾದ್ ಕಲ್ಲು ಬೇಕಲ್ಲ, ಬೂದು ರಟ್ಟನ್ನ 11 ಮಿ.ಮೀ. ಚೌಕವಾಗಿ ಕತ್ತರಿಸಿದ್ರೆ ಎರಡಡಿ ಕಲ್ಲು ಸಿದ್ಧ.

ಮನುಷ್ಯರ ಕೈ ಊರನ್ನ ಬಿಚ್ಚೋದಕ್ಕೆ ರಾಯಚೂರಿನಷ್ಟು ಒಳ್ಳೆ ಉದಾಹರಣೆ ನನಗೆ ಗೊತ್ತಿಲ್ಲ. ಕಲ್ಮಲದ ಹಲಗೆ ಮುಗಿದ ಮೇಲೆ ಎರಡನೇ ಹಲಗೆಗೆ ನಾನು ಹಿಡಿದಿರೋದು ಕೋಟೆಯ ಗೋಡೆಯನ್ನೇ. 1520ರಲ್ಲಿ ಕೃಷ್ಣದೇವರಾಯ ರಾಯಚೂರಿಗೆ ಮುತ್ತಿಗೆ ಹಾಕಿದಾಗ ಕೋಟೆ ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನ ಕೈಯಲ್ಲಿತ್ತು. ಪೋರ್ಚುಗೀಸ್ ವ್ಯಾಪಾರಿ ಫೆರ್ನಾವೊ ನೂನಿಜ್ ಬರೆದ ಪ್ರಕಾರ, ಗಾರೆ ಇಲ್ಲದೆ ದೊಡ್ಡ ಕಲ್ಲು ಜೋಡಿಸಿ, ಒಳಗೆ ಮಣ್ಣು ತುಂಬಿದ ಗೋಡೆ ಅದು. ಅದನ್ನ ಕೆಡವೋಕೆ ರಾಯನ ಸೇನಾನಾಯಕರು ಮಾಡಿದ್ದು ಏನು ಗೊತ್ತಾ? ಕಿತ್ತು ತಂದ ಕಲ್ಲಿಗೆ ಸೈನಿಕರಿಗೆ ದುಡ್ಡು! ಗಾತ್ರ ನೋಡಿ 10 ಪಣದಿಂದ 50 ಪಣದವರೆಗೆ. ಮೇಲಿಂದ ಬಾಣ, ಗುಂಡು ಬೀಳ್ತಾ ಇದ್ರೂ ಜನ ಹಾರೆ ಹಿಡಿದು ಬುಡಕ್ಕೆ ನುಗ್ಗಿದರು, ಎಷ್ಟೋ ಮಂದಿ ಸತ್ತರು. ಆಮೇಲೆ ಕ್ರಿಸ್ಟೊವಾವೊ ಡಿ ಫಿಗ್ಯುರೆಡೊ ಅನ್ನೋ ಪೋರ್ಚುಗೀಸನ ಬಂದೂಕುಗಾರರು ಗೋಡೆ ಮೇಲೆ ತಲೆ ಎತ್ತಿದವರನ್ನ ಹೊಡೆಯತೊಡಗಿದ ಮೇಲೆ ಕೆಳಗಿನವರಿಗೆ ಕೆಲಸ ಸಲೀಸಾಯ್ತು. ಗೋಡೆ, ಮರೆ, ಯಾರು ಯಾರಿಗೆ ಕಾಣ್ತಾರೆ: ವಾರ್‌ಗೇಮಿನ ಮೂಲ ಪ್ರಶ್ನೆಯೂ ಅಷ್ಟೇ.

ಮಾದರಿಗೆ ಇದರಿಂದ ಸಿಗೋದು ಇದು: ಇಂಥ ಗೋಡೆಯಲ್ಲಿ ದುಂಡನೆ ತೂತು ಬೀಳಲ್ಲ. ಬುಡದ ಕಲ್ಲು ಹೋಗುತ್ತೆ, ಮೇಲಿನವು ಜಾರುತ್ತವೆ, ಒಳಗಿನ ಮಣ್ಣು ಬೀಸಣಿಗೆಯ ಹಾಗೆ ಹೊರಗೆ ಚೆಲ್ಲುತ್ತೆ. ಥರ್ಮಾಕೋಲಿನ ಕಲ್ಲುಗಳನ್ನ ಹೊರಪದರಕ್ಕೆ ಮಾತ್ರ ಅಂಟಿಸಿ, ನಡುವೆ ಜರಡಿ ಹಿಡಿದ ನಿಜವಾದ ಮಣ್ಣು ತುಂಬಿ. ಕೋಟೆಯಲ್ಲಿ 1294ರ ಶಾಸನ ಇರೋ ಆ ಉದ್ದನೆಯ ಕಲ್ಲು ನೋಡಿದ್ದೀರಾ? 41 ಅಡಿಗೂ ಮೇಲೆ. ಅದನ್ನ ಬಂಡಿಯಲ್ಲಿ ಎಳೆದು ತಂದ ಚಿತ್ರವನ್ನೂ ಅಲ್ಲೇ ಕೆತ್ತಿದ್ದಾರೆ. ನಮ್ಮ ಅಳತೆಯಲ್ಲಿ ಅದು 22 ಸೆಂ.ಮೀ. ಆಗುತ್ತೆ. ಎಷ್ಟೇ ಗೋಡೆ ಕೆಡವಿದ್ರೂ ಅದನ್ನ ನಾನು ಅಲ್ಲಾಡಿಸಿಲ್ಲ.

ಸಾಮಾನು ದುಬಾರಿ ಏನಿಲ್ಲ. ಫ್ಲೆಕ್ಸ್ ಅಂಗಡಿಯಲ್ಲಿ ಉಳಿಯೋ ಸನ್‌ಬೋರ್ಡ್ ತುಂಡು, ಟಿವಿ ಪೆಟ್ಟಿಗೆಯ ಥರ್ಮಾಕೋಲ್, ಫೆವಿಕಾಲ್, ವಾಲ್ ಪುಟ್ಟಿ, ಚಹಾ ಸೋಸೋ ಜರಡಿ. ಥರ್ಮಾಕೋಲಿಗೆ ನೇರವಾಗಿ ಸ್ಪ್ರೇ ಪೇಂಟ್ ಹೊಡೀಬೇಡಿ, ಕಣ್ಣೆದುರೇ ಕರಗಿಹೋಗುತ್ತೆ. ಮೊದಲು ಫೆವಿಕಾಲಿಗೆ ಕಪ್ಪು ಅಕ್ರಿಲಿಕ್ ಬಣ್ಣ ಕಲಸಿ ಪೂರ್ತಿ ಬಳಿದು ಒಣಗಿಸಿ. ಬಿಸಿ ತಂತಿಯಲ್ಲಿ ಕೊಯ್ಯೋರು ಕಿಟಕಿ ತೆಗೆದಿಡಿ, ಆ ಹೊಗೆ ಒಳ್ಳೇದಲ್ಲ. ಬೂದಿ ಧೂಳಿಗೆ ಶಕ್ತಿನಗರದ ಥರ್ಮಲ್ ಸ್ಟೇಷನ್ನಿನ ಹಾರುಬೂದಿ ತರ್ತೀನಿ ಅಂತ ಒಬ್ಬ ಗೆಳೆಯ ಹೊರಟಿದ್ದ, ಬೇಡ ಅಂದೆ. ತೀರಾ ನಯವಾದ ಪುಡಿ, ಒಣಗಿದ್ದನ್ನ ಮನೆಯೊಳಗೆ ಉದುರಿಸಿದ್ರೆ ನೇರ ಶ್ವಾಸಕೋಶಕ್ಕೆ. ಒಲೆಯ ಬೂದಿಯನ್ನ ನೀರಿನಲ್ಲಿ ಕಲಸಿ ಬ್ರಷ್‌ನಲ್ಲಿ ಬಳಿದರೆ ಅದೇ ಬಣ್ಣ ಬರುತ್ತೆ.

ಇನ್ನು ಹಸಿರು. ಸಿನಿಮಾಗಳಲ್ಲಿ ಹಾಳೂರಿನ ಮೇಲೆ ಬಳ್ಳಿ ಜೋತಾಡುತ್ತೆ. ರಾಯಚೂರು ಖಾಲಿಯಾದ್ರೆ ಊರು ಆಳೋದು ಬಳ್ಳಾರಿ ಜಾಲಿ, ಅದರಲ್ಲಿ ಅನುಮಾನವೇ ಇಲ್ಲ. ರಸ್ತೆ ಅಂಚು, ಕೆರೆಯಂಗಳ, ಬಿದ್ದ ಮನೆಯ ಹಿತ್ತಲು, ಎಲ್ಲ ಕಡೆ. ಒಣಗಿದ ತುಳಸಿ ಗಿಡದ ಕಡ್ಡಿ ಕವಲು ಕವಲಾಗಿರುತ್ತೆ, ತಲೆಕೆಳಗೆ ಹಿಡಿದು ಅಂಟಿನಲ್ಲಿ ಅದ್ದಿ, ಪುಡಿ ಮಾಡಿದ ಒಣ ಕರಿಬೇವು ಉದುರಿಸಿ. ಗೋಡೆಯ ಬಿರುಕಿನಲ್ಲಿ ಒಂದೇ ಒಂದು ಅರಳಿ ಸಸಿ ಸಾಕು. ಜಾಸ್ತಿ ಮಾಡಿದ್ರೆ ಮಲೆನಾಡಾಗುತ್ತೆ.

ಆಟದ ನಿಯಮ ನಿಮಗೆ ಹೊಂದೋದನ್ನ ಇಟ್ಟುಕೊಳ್ಳಿ. ‘ಹಾಳೂರಿಗೆ ಉಳಿದವನೇ ಗೌಡ’ ಅಂತ ಗಾದೆ ಇದೆಯಲ್ಲ, ಸಾಮಾನ್ಯವಾಗಿ ಈ ಆಟಗಳೆಲ್ಲ ಅದರ ಮೇಲೇ ನಡೆಯೋದು, ಕೊನೆಗೆ ನಿಂತವನು ಗೆದ್ದ. ಕಲ್ಮಲದ ಹಲಗೆಗೆ ನಾವು ಬೇರೆ ಮಾಡಿಕೊಂಡಿದ್ದೀವಿ. ಮಾಳಿಗೆ ಮನೆಯೊಳಗೆ ಒಂದು ಬಾಗಿಲು ಉಳಿದಿದೆ, ಐಸ್‌ಕ್ರೀಮ್ ಕಡ್ಡಿಯದ್ದು, 38 ಮಿ.ಮೀ. ಎರಡೂ ಕಡೆ ಐದೈದು ಗೊಂಬೆ, ಎಂಟು ಸುತ್ತು. ಬಾಗಿಲು ಎತ್ತೋಕೆ ಎರಡು ಗೊಂಬೆ ಬೇಕು, ಎತ್ತಿಕೊಂಡವರು ಒಂದು ಸುತ್ತಿಗೆ ಮೂರಿಂಚು ಮಾತ್ರ ನಡೀಬಹುದು, ಗುಂಡು ಹೊಡೆಯೋ ಹಾಗಿಲ್ಲ. ಬಾಗಿಲನ್ನ ಮಾನ್ವಿ ದಾರಿಯ ಅಂಚಿಗೆ ದಾಟಿಸಿದವರು ಗೆದ್ದ ಹಾಗೆ. ಮೂರು ಸಲ ಆಡಿದ್ದೀವಿ. ಎರಡು ಸಲ ಎಂಟನೇ ಸುತ್ತು ಮುಗಿದಾಗ ಬಾಗಿಲು ರಸ್ತೆ ಮಧ್ಯೆಯೇ ಬಿದ್ದಿತ್ತು.