ದೋಣಿಗೆ ಹಲಗೆ ಹಾಸುವ ಮುನ್ನ

ಕಾಸರಗೋಡಿನ ಚಂದ್ರಗಿರಿ ಹೊಳೆಯಿರಲಿ, ಸೊಲ್ಲಾಪುರ ಜಿಲ್ಲೆಯ ಉಜನಿ ಹಿನ್ನೀರಿರಲಿ, ನೀರು ದಾಟುವವರಿಗೆ ದೋಣಿಯ ತೂಕದ ಲೆಕ್ಕ ಗೊತ್ತಿರಬೇಕು. ಸಣ್ಣ ಅಲ್ಯೂಮಿನಿಯಂ ದೋಣಿ ಹಗುರ, ಗೆದ್ದಲು ಹಿಡಿಯದು. ಆದರೆ ತಳದಲ್ಲಿ ಅಡ್ಡಪಟ್ಟಿಗಳಿರುವುದರಿಂದ ಕಾಲೂರಲು ಕಷ್ಟ ಅಂತ ಪ್ಲೈವುಡ್ ಹಾಸಿಸುತ್ತಾರೆ. ಹಾಸಲಿ, ಬೇಡ ಅನ್ನೋದಿಲ್ಲ. ಎತ್ತರಿಸಿ ಹಾಸೋದು ಮಾತ್ರ ಅಪಾಯ.

ನೆಲ ಒಂದು ಗೇಣು ಏರಿದರೆ ಅದರ ಮೇಲಿನ ಆಳು, ಮೂಟೆ ಎಲ್ಲವೂ ಒಂದು ಗೇಣು ಏರಿದಂತೆ. ಭಾರ ಮೇಲೇರಿದಷ್ಟೂ ದೋಣಿ ಬೇಗ ವಾಲುತ್ತದೆ. 2009ರ ಸೆಪ್ಟೆಂಬರ್ 30ರಂದು ಕೇರಳದ ತೇಕಡಿಯಲ್ಲಿ, ಪ್ರಾಣಿ ನೋಡಲೆಂದು ಜನ ಒಂದೇ ಬದಿಗೆ ಸರಿದಾಗ ಎರಡು ಅಂತಸ್ತಿನ ದೋಣಿ ಮಗುಚಿ 45 ಮಂದಿ ತೀರಿಕೊಂಡರು. ಸಣ್ಣ ದೋಣಿಗೂ ಇದೇ ನಿಯಮ.

ಆದ್ದರಿಂದ ಹಲಗೆ ಅಡ್ಡಪಟ್ಟಿಗಳ ಮೇಲೇ ಕೂರಲಿ. ಒಂದು ತುಂಡು ಎತ್ತಿ ನೀರು ಮೊಗೆಯುವಂತಿರಲಿ. ಅಡಿಯಲ್ಲಿ 50 ಲೀಟರ್ ನೀರು ನಿಂತರೆ 50 ಕಿಲೋ ಹೇರು, ಅದೂ ವಾಲಿದ ಕಡೆಗೇ ಓಡುವ ಹೇರು! ತಾಮ್ರದ ಔಷಧ ಕುಡಿಸಿದ ಮರ ಬೇಡವೇ ಬೇಡ. ಒದ್ದೆಯಾದಾಗ ಅದು ಅಲ್ಯೂಮಿನಿಯಂ ತಿನ್ನುತ್ತದೆ.

ಗಾಡಿ ಹೇರುವಾಗ ಮೂಕಿ ಏಳದಂತೆ, ಎತ್ತಿನ ಹೆಗಲು ಜಗ್ಗದಂತೆ ನೋಡೋದನ್ನು ನಮ್ಮ ರೈತರಿಗೆ ಹೇಳಿಕೊಡಬೇಕೆ? ಇಲ್ಲೂ ಅದೇ. ಹಿಂದೆ ಎಂಜಿನ್, ನಡೆಸುವವ ಇದ್ದರೆ ಬ್ಯಾಟರಿ, ಪೆಟ್ರೋಲ್ ಡಬ್ಬಿ ಮುಂದಕ್ಕೆ ಹೋಗಲಿ. ಮೂಟೆ ನಡುವೆ, ತಳದಲ್ಲಿರಲಿ. ಹೊಸ ಹಲಗೆಯ ತೂಕವನ್ನು ಹೇರಿನಲ್ಲೇ ಕಳೆಯಿರಿ. ದಡದ ಬಳಿ ಮೊಣಕಾಲುದ್ದದ ನೀರಲ್ಲಿ ಪೂರಾ ಹೇರು ಹಾಕಿ ಅಲುಗಿಸಿ ನೋಡದೆ, ಹೆಂಡತಿ ಮಕ್ಕಳನ್ನು ಹತ್ತಿಸಬೇಡಿ.