ಕಡಲತೀರದ ರಜೆ

ಅಡಕೆಯ ಕೊಯ್ಲೂ ಕಾಫಿಯ ಕೊಯ್ಲೂ ಮುಗಿದು, ಶಾಲೆಗಳಿಗೆ ಬೇಸಗೆಯ ರಜೆ ಬಂದೊಡನೆ ಮಲೆನಾಡಿನ ಮನೆಮನೆಗಳಲ್ಲಿ ಸಮುದ್ರದ ಮಾತು ಹೊರಡುವುದು ಈಚೆಗೆ ವಾಡಿಕೆಯಾಗಿದೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಸೀಮೆಯ ಶೆಟ್ಟಿಕೊಪ್ಪದಂತಹ ಊರಿನಿಂದ ಮುಂಜಾನೆ ಹೊರಟವರು ಆಗುಂಬೆಯ ಘಟ್ಟವನ್ನಿಳಿದು, ಸೋಮೇಶ್ವರ, ಹೆಬ್ರಿಗಳನ್ನು ದಾಟಿ, ಉಡುಪಿಯಲ್ಲಿ ಶ್ರೀಕೃಷ್ಣನ ದರ್ಶನ ಮಾಡಿಕೊಂಡು, ಅದೇ ದಿನ ಸಂಜೆಗೆ ಮಲ್ಪೆಯ ಮರಳಿನ ಮೇಲೆ ನಿಲ್ಲಬಹುದು. ಇದು ಸಂತೋಷದ ಸಂಗತಿಯೇ ಸರಿ. ವರ್ಷವೆಲ್ಲ ದುಡಿದ ದೇಹಕ್ಕೆ ವಿಶ್ರಾಂತಿ ಬೇಕು. ಕಾಡು ಗುಡ್ಡಗಳ ನಡುವೆ ಬೆಳೆದ ಕಣ್ಣಿಗೆ ಎಲ್ಲೆಯಿಲ್ಲದ ನೀರನ್ನು ಕಾಣುವ ಭಾಗ್ಯವೂ ಬೇಕು. ರಜೆಯನ್ನು ವಿಲಾಸವೆಂದು ಹಳಿಯುವವರ ಪಕ್ಷ ನಮ್ಮದಲ್ಲ. ಆದರೆ ಹೋದವರು ಅಲ್ಲಿ ಏನನ್ನು ನೋಡುತ್ತಾರೆ, ಹೇಗೆ ನಡೆದುಕೊಳ್ಳುತ್ತಾರೆ, ಎಲ್ಲಕ್ಕೂ ಮಿಗಿಲಾಗಿ ಹೋದಷ್ಟು ಮಂದಿಯೂ ಹಿಂದಿರುಗುತ್ತಾರೆಯೇ ಎಂಬುದು ವಿಚಾರಮಾಡತಕ್ಕ ವಿಷಯವಾಗಿದೆ.

ನೋಡುವುದಕ್ಕೆ ನಮ್ಮ ಕರಾವಳಿಯಲ್ಲಿ ಕೊರತೆಯಿಲ್ಲ. ಮಲ್ಪೆಯಿಂದ ದೋಣಿಯೇರಿದರೆ ಸೇಂಟ್ ಮೇರಿ ದ್ವೀಪಗಳು ಸಿಕ್ಕುತ್ತವೆ. ಅಲ್ಲಿ ಕಂಬಗಳನ್ನು ಕಡಿದು ನಿಲ್ಲಿಸಿದಂತೆ ಕಾಣುವ ಶಿಲೆಗಳು ಯಾವ ಶಿಲ್ಪಿಯ ಕೆಲಸವೂ ಅಲ್ಲ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರವು ಭಾರತದ ನೆಲದೊಡನೆ ಇನ್ನೂ ಕೂಡಿಕೊಂಡಿದ್ದಾಗ, ಭೂಗರ್ಭದಿಂದ ಉಕ್ಕಿದ ಶಿಲಾರಸವು ತಣಿದು, ಕುಗ್ಗಿ, ಬಿರಿದು ಈ ಆಕಾರವನ್ನು ತಳೆಯಿತೆಂದು ಭೂವಿಜ್ಞಾನಿಗಳು ಹೇಳುತ್ತಾರೆ. 1498ರಲ್ಲಿ ವಾಸ್ಕೋ ಡ ಗಾಮನು ಇಲ್ಲಿ ಇಳಿದು ದ್ವೀಪಕ್ಕೆ ಹೆಸರಿಟ್ಟನೆಂಬ ಐತಿಹ್ಯವೂ ಉಂಟು. ದಕ್ಷಿಣಕ್ಕೆ ಬಂದರೆ 1901ರಲ್ಲಿ ಕಟ್ಟಿದ ಕಾಪುವಿನ ದೀಪಸ್ತಂಭ. ಉತ್ತರಕ್ಕೆ ಹೋದರೆ ಒಂದು ಮಗ್ಗುಲಲ್ಲಿ ಸೌಪರ್ಣಿಕಾ ನದಿ, ಇನ್ನೊಂದು ಮಗ್ಗುಲಲ್ಲಿ ಸಮುದ್ರ, ನಡುವೆ ಹೆದ್ದಾರಿಯಿರುವ ಮರವಂತೆ.

ಇನ್ನೂ ಮುಂದೆ ಅಂಕೋಲೆಯಿದೆ. 1930ರ ಏಪ್ರಿಲ್ 13ರಂದು ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಉಪ್ಪಿನ ಕಾಯಿದೆಯನ್ನು ಮುರಿದ ಊರು ಅದು. ಅಲ್ಲಿ ವಾಹನ ನಿಲ್ಲಿಸಿ, ಉಪ್ಪಿಗೂ ಸ್ವರಾಜ್ಯಕ್ಕೂ ಇದ್ದ ಸಂಬಂಧವೇನೆಂದು ಮಕ್ಕಳಿಗೆ ತಿಳಿಸುವ ತಂದೆ ಎಷ್ಟು ಮಂದಿ? ಅದಕ್ಕೂ ಆಚೆಯ ಕಾರವಾರಕ್ಕೆ 1883ರಲ್ಲಿ ಇಪ್ಪತ್ತೆರಡರ ಹರೆಯದ ರವೀಂದ್ರನಾಥ ಠಾಕೂರರು, ಅಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆಂದು ಬಂದರು. ತಮ್ಮ ‘ಪ್ರಕೃತಿಯ ಪ್ರತಿಶೋಧ’ವೆಂಬ ನಾಟಕವನ್ನು ಅಲ್ಲಿದ್ದಾಗ ಬರೆದರು. ರಜೆಗೆ ಬಂದ ಎಲ್ಲರೂ ನಾಟಕ ಬರೆಯಬೇಕೆಂದು ನಾವು ಹೇಳುತ್ತಿಲ್ಲ. ಬಂದ ಸ್ಥಳದಲ್ಲಿ ಕಣ್ತೆರೆದು ಒಂದು ಗಳಿಗೆ ಕುಳಿತರೂ ಸಾಕು. ಅಲೆಗೆ ಬೆನ್ನು ಮಾಡಿ ನಿಂತು ತಮ್ಮ ಮುಖವನ್ನು ತಾವೇ ಚಿತ್ರಿಸಿಕೊಂಡು ಮರಳುವುದಕ್ಕೆ ಘಟ್ಟವನ್ನು ಇಳಿಯಬೇಕಾದ ಅಗತ್ಯವಿರಲಿಲ್ಲ.

ಹೀಗೆ ಬೆನ್ನು ಮಾಡಿ ನಿಲ್ಲುವುದು ಅರಸಿಕತೆ ಮಾತ್ರವಲ್ಲ, ಅಪಾಯವೂ ಹೌದು. 2022ರ ಏಪ್ರಿಲ್‌ನಲ್ಲಿ ಸೇಂಟ್ ಮೇರಿ ದ್ವೀಪಕ್ಕೆ ಕೇರಳದಿಂದ ಬಂದಿದ್ದ ಮೂವರು ವಿದ್ಯಾರ್ಥಿಗಳು ಸಮುದ್ರದ ಪಾಲಾದರು. 2024ರ ಡಿಸೆಂಬರ್ 10ರಂದು ಮುರುಡೇಶ್ವರದಲ್ಲಿ, ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನ ವಸತಿಶಾಲೆಯೊಂದರಿಂದ ಪ್ರವಾಸ ಬಂದಿದ್ದ ನಾಲ್ವರು ಬಾಲಕಿಯರು ಮುಳುಗಿ ಮೃತರಾದರು. ಸಮುದ್ರವನ್ನು ಕಾಣುವ ಆಸೆಯಿಂದ ಅಷ್ಟು ದೂರದ ಬಯಲುಸೀಮೆಯಿಂದ ಬಂದ ಮಕ್ಕಳಿಗೆ ಒದಗಿದ ಈ ಗತಿಯನ್ನು ನೆನೆದರೆ ಎಂತಹವರ ಮನಸ್ಸಾದರೂ ಕಲಕದಿರದು. ಮುಳಬಾಗಿಲಿನ ಮಕ್ಕಳಿಗೆ ಆದದ್ದು ಶೆಟ್ಟಿಕೊಪ್ಪದ ಮಕ್ಕಳಿಗೆ ಆಗಲಾರದೆಂದು ಯಾರೂ ನೆಮ್ಮದಿಯಿಂದಿರುವಂತಿಲ್ಲ.

ತುಂಗೆ ಭದ್ರೆಯರಲ್ಲಿ ಈಜು ಕಲಿತವರು ತಮಗೆ ನೀರಿನ ಭಯವಿಲ್ಲವೆಂದು ಭಾವಿಸುವುದುಂಟು. ಇದು ತಪ್ಪು ಧೈರ್ಯ. ಹೊಳೆಯ ಸೆಳವು ಒಂದೇ ದಿಕ್ಕಿಗೆ ಹರಿಯುತ್ತದೆ, ಕಣ್ಣಿಗೂ ಕಾಣುತ್ತದೆ. ಸಮುದ್ರದ್ದು ಹಾಗಲ್ಲ. ಅಲೆಗಳು ದಡಕ್ಕೆ ತಂದು ರಾಶಿ ಹಾಕಿದ ನೀರು ಹಿಂದಿರುಗಲು ಇಕ್ಕಟ್ಟಾದ ಒಂದು ದಾರಿಯನ್ನು ಹುಡುಕಿಕೊಂಡು, ಅದರ ಮೂಲಕ ರಭಸದಿಂದ ಆಳಕ್ಕೆ ನುಗ್ಗುತ್ತದೆ. ವಿಪರ್ಯಾಸವೆಂದರೆ, ಆ ದಾರಿಯಲ್ಲಿ ಅಲೆಗಳು ಅಷ್ಟಾಗಿ ಒಡೆಯದೆ ನೀರು ಶಾಂತವಾಗಿ ತೋರುತ್ತದೆ. ಅನುಭವವಿಲ್ಲದವರು ಅದನ್ನೇ ಸುರಕ್ಷಿತವೆಂದು ಆರಿಸಿಕೊಳ್ಳುತ್ತಾರೆ. ಸಿಕ್ಕಿಬಿದ್ದವನು ನೇರವಾಗಿ ದಡದ ಕಡೆಗೆ ಈಜಲು ಹೆಣಗಿ, ದಣಿದು, ಮುಳುಗುತ್ತಾನೆ. ಆತನು ಗಾಬರಿಗೊಳ್ಳದೆ ತೇಲಿಕೊಂಡಿದ್ದು, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಸೆಳವು ತಪ್ಪಿದ ಮೇಲೆ ದಡಕ್ಕೆ ತಿರುಗಿದರೆ ಬದುಕುವ ಸಂಭವ ಹೆಚ್ಚು. ಇಷ್ಟನ್ನು ನಮ್ಮ ಪ್ರತಿಯೊಂದು ಪ್ರೌಢಶಾಲೆಯಲ್ಲಿಯೂ ಕಲಿಸಬಾರದೇಕೆ?

ಸಮುದ್ರದ ಮಕ್ಕಳಾದ ಮೊಗವೀರರು ಇದನ್ನು ಬಲ್ಲರು. ಜೂನ್ 1ರಿಂದ ಜುಲೈ 31ರ ವರೆಗೆ 61 ದಿನಗಳ ಕಾಲ ಯಾಂತ್ರಿಕ ಮೀನುಗಾರಿಕೆಗೆ ನಮ್ಮ ತೀರದಲ್ಲಿ ನಿಷೇಧವಿದೆ. ಮಳೆಗಾಲದಲ್ಲಿ ದ್ವೀಪಕ್ಕೆ ಹೋಗುವ ದೋಣಿಗಳೂ ನಿಲ್ಲುತ್ತವೆ. ಹುಟ್ಟಿದಂದಿನಿಂದ ಕಡಲನ್ನು ಕಂಡವರೇ ದೋಣಿಗಳನ್ನು ದಡಕ್ಕೆ ಕಟ್ಟಿರುವಾಗ, ಘಟ್ಟದ ಮೇಲಿನಿಂದ ಬಂದ ನಾವು ನೀರಿಗಿಳಿಯುತ್ತೇವೆಂದು ಹಟ ಹಿಡಿಯುವುದು ಯಾವ ವಿವೇಕ? ಸ್ನಾನಕ್ಕಿಳಿಯುವ ಮೊದಲು ಅಲ್ಲಿಯ ಮೀನುಗಾರನೊಬ್ಬನನ್ನು ಕೇಳುವುದರಿಂದ ಯಾರ ಅಂತಸ್ತಿಗೂ ಕುಂದು ಬಾರದು.

ಆದರೆ ಎಲ್ಲ ಹೊಣೆಯನ್ನೂ ಪ್ರವಾಸಿಗಳ ತಲೆಯ ಮೇಲೆ ಹೊರಿಸಿ ಸರಕಾರದವರು ಕೈತೊಳೆದುಕೊಳ್ಳುವಂತಿಲ್ಲ. ಮುರುಡೇಶ್ವರದ ದುರಂತದ ಬಳಿಕ ತೀರಕ್ಕೆ ಪ್ರವೇಶವನ್ನು ತಡೆಯಲಾಯಿತು. ಮೃತರ ಕುಟುಂಬಗಳಿಗೆ ಪರಿಹಾರಧನವೂ ಘೋಷಿತವಾಯಿತು. ಪರಿಹಾರವು ಕರ್ತವ್ಯ, ನಿಜ. ಆದರೆ ರಕ್ಷಣೆಯು ಅದಕ್ಕೂ ಮೊದಲಿನ ಕರ್ತವ್ಯ. ದುರಂತವಾದಾಗ ಬಾಗಿಲು ಹಾಕುವುದು, ಜನರು ಮರೆತಾಗ ತೆರೆಯುವುದು ಆಡಳಿತವೆನಿಸಲಾರದು. 2020ರಲ್ಲಿ ನಮ್ಮ ಕಾಸರಕೋಡು, ಪಡುಬಿದ್ರಿ ತೀರಗಳಿಗೆ ನೀಲಿ ಬಾವುಟದ ಅಂತರರಾಷ್ಟ್ರೀಯ ಮನ್ನಣೆ ದೊರೆತುದನ್ನು ವಾಚಕರು ಬಲ್ಲರು. ನೀರಿನ ಶುದ್ಧತೆಯೊಂದಿಗೆ ಜೀವರಕ್ಷಕರ ಏರ್ಪಾಡೂ ಆ ಮನ್ನಣೆಯ ನಿಬಂಧನೆಗಳಲ್ಲಿ ಸೇರಿದೆ. ಪರದೇಶದ ಬಾವುಟಕ್ಕಾಗಿ ಎರಡು ತೀರಗಳಲ್ಲಿ ಮಾಡಲು ಸಾಧ್ಯವಾದುದನ್ನು ನಮ್ಮ ಮಕ್ಕಳ ಪ್ರಾಣಕ್ಕಾಗಿ ಉಳಿದ ತೀರಗಳಲ್ಲಿ ಮಾಡಲಾಗದೆಂಬ ಉತ್ತರವನ್ನು ನಾವು ಒಪ್ಪಲಾರೆವು.

ಆದುದರಿಂದ ಅಧಿಕಾರಿಗಳ ಮುಂದೆ ಮೂರು ಸಲಹೆಗಳನ್ನಿಡುತ್ತೇವೆ. ಜನರು ಸೇರುವ ಪ್ರತಿಯೊಂದು ತೀರದಲ್ಲಿಯೂ ಜನಸಂದಣಿಗೆ ತಕ್ಕಷ್ಟು ಜೀವರಕ್ಷಕರನ್ನು, ಆದಷ್ಟು ಮಟ್ಟಿಗೆ ಅಲ್ಲಿಯ ಮೀನುಗಾರ ಯುವಕರನ್ನೇ, ವರ್ಷವಿಡೀ ಸಂಬಳದ ಮೇಲೆ ನೇಮಿಸಬೇಕು. ಅಪಾಯದ ಜಾಗವನ್ನು ತೋರಿಸುವ ಕೆಂಪು ಬಾವುಟಗಳೂ ದೊಡ್ಡ ಅಕ್ಷರದ ಕನ್ನಡ ಫಲಕಗಳೂ ದಿನದಿನದ ಸಮುದ್ರಸ್ಥಿತಿಗೆ ಅನುಸಾರವಾಗಿ ಬದಲಾಗುತ್ತಿರಬೇಕು. ಬಿಸಿಲಿಗೆ ಅಳಿಸಿಹೋದ ಫಲಕ ಯಾರನ್ನೂ ಕಾಯದು. ಶಾಲಾಪ್ರವಾಸಗಳಿಗೆ ಪರವಾನಗಿ ಕೊಡುವವರು, ಮಕ್ಕಳನ್ನು ನೀರಿನ ಬಳಿ ನೋಡಿಕೊಳ್ಳುವವರು ಯಾರು, ಎಷ್ಟು ಮಂದಿ ಎಂಬುದನ್ನು ಕೇಳಿ ತಿಳಿದ ಮೇಲೆಯೇ ರುಜು ಹಾಕಬೇಕು.

ಮಹಾಜನರಿಗೆ ನಮ್ಮ ಬಿನ್ನಹ ಇಷ್ಟೆ: ಹೋಗಿರಿ, ಮಕ್ಕಳನ್ನೂ ಹಿರಿಯರನ್ನೂ ಕರೆದುಕೊಂಡು ಹೋಗಿರಿ. ಅಂಕೋಲೆಯ ಕಥೆಯನ್ನು ಹೇಳಿರಿ, ದ್ವೀಪದ ಕಂಬಶಿಲೆಗಳನ್ನು ತೋರಿಸಿರಿ, ಮೊಣಕಾಲುದ್ದ ನೀರಿನಲ್ಲಿ ನಿಂತು ಅಲೆಯ ಸುಖವನ್ನು ಅನುಭವಿಸಿರಿ. ತಿಂದುದರ ಕಸವನ್ನು ಮರಳಿನಲ್ಲಿ ಬಿಟ್ಟುಬರದಿರಿ. ಜೀವರಕ್ಷಕನ ಸೀಟಿ ಕೇಳಿದಾಗ ವಾದಕ್ಕೆ ನಿಲ್ಲದೆ ದಡಕ್ಕೆ ಬನ್ನಿರಿ. ಘಟ್ಟವನ್ನಿಳಿದವರು ಅಷ್ಟೂ ಮಂದಿ ಘಟ್ಟ ಹತ್ತಿ ಮನೆ ಸೇರಿದರೆ ಮಾತ್ರವೇ ಅದು ರಜೆ ಎನಿಸಿಕೊಳ್ಳುತ್ತದೆ.