ತಾಟಿನಲ್ಲಿ ಉಳಿದ ಪಲ್ಯ

ರಾತ್ರಿ ಎಂಟರ ಹೊತ್ತು. ಬಿಸಿ ರೊಟ್ಟಿ, ಮೆಂತೆ ಪಲ್ಯ, ಬ್ಯಾಳಿ ಸಾರು ಸಿದ್ಧವಾಗಿವೆ. ಮೂರು ವರ್ಷದ ಕೂಸು ತಾಟಿನ ಮುಂದೆ ಬಾಯಿ ಬಿಗಿಹಿಡಿದು ಕೂತಿದೆ. "ಇದೊಂದ ತುತ್ತು ಉಣ್ಣೋ ರಾಜಾ, ಉಂಡ್ರ ಕರದಂಟ ಕೊಡ್ತೀನಿ" ಎಂದು ಅವ್ವ ರಮಿಸುತ್ತಾಳೆ. "ಉಣ್ಣಲಿಲ್ಲಂದ್ರ ಗುಮ್ಮ ಬರ್ತಾನ ನೋಡು" ಎಂದು ಆಯಿ ಹೆದರಿಸುತ್ತಾಳೆ. ಅಪ್ಪ ಮೊಬೈಲಿನಲ್ಲಿ ಹಾಡು ಹಚ್ಚಿ ಕೂಸಿನ ಮುಂದೆ ಹಿಡಿಯುತ್ತಾನೆ. ಕೂಸಿನ ಉತ್ತರ ಒಂದೇ: "ಒಲ್ಲೆ!" ಕೊನೆಗೆ ಪಲ್ಯ ತಾಟಿನಲ್ಲಿಯೇ ಉಳಿಯುತ್ತದೆ. ಸಕ್ಕರೆ ಹಾಕಿದ ಹಾಲು-ಅನ್ನ ಹೊಟ್ಟೆ ಸೇರುತ್ತದೆ.

ಗೋಕಾಕ, ಮೂಡಲಗಿ, ಹುಕ್ಕೇರಿ, ಊರು ಯಾವುದೇ ಇರಲಿ, ಎರಡರಿಂದ ಐದು ವರ್ಷದ ಕೂಸಿರುವ ಅನೇಕ ಮನೆಗಳಲ್ಲಿ ಕಾಣುವ ದೃಶ್ಯವಿದು. ನೋಡಿದವರಿಗೆ ನಗು ಬರಬಹುದು. ಆದರೆ ತಾಯಿಗೆ ಇದು ದಿನವೂ ಎರಡು ಹೊತ್ತಿನ ಚಿಂತೆ. ಆ ಚಿಂತೆಗೆ ಕಾರಣವೂ ಇದೆ. 2019–21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಪ್ರತಿ ನೂರು ಮಕ್ಕಳಲ್ಲಿ ಸುಮಾರು 65 ಮಕ್ಕಳಿಗೆ ರಕ್ತಹೀನತೆಯಿದೆ. ಇದಕ್ಕೆ ಜಂತುಹುಳು, ಪದೇ ಪದೇ ಬರುವ ಕಾಯಿಲೆ, ತಾಯಿಯ ಅಶಕ್ತತೆ ಮುಂತಾದ ಹಲವು ಕಾರಣಗಳುಂಟು. ತಾಟಿನಲ್ಲಿ ಸೊಪ್ಪು, ಕಾಳು, ತರಕಾರಿ ಕಡಿಮೆಯಾಗಿರುವುದೂ ಅವುಗಳಲ್ಲೊಂದು.

ಹಟವಲ್ಲ, ಅಂಜಿಕೆ

ಮೊದಲು ತಿಳಿಯಬೇಕಾದದ್ದು, ಕೂಸಿನ ಹಸಿವೇ ಈ ವಯಸ್ಸಿನಲ್ಲಿ ಕಡಿಮೆಯಾಗುತ್ತದೆ ಎಂಬುದು. ಹುಟ್ಟಿದಾಗ ಮೂರು ಕಿಲೊ ಇದ್ದ ಮಗು ಒಂದು ವರ್ಷದಲ್ಲಿ ಸುಮಾರು ಒಂಬತ್ತು ಕಿಲೊ ಆಗುತ್ತದೆ, ಅಂದರೆ ಮೂರು ಪಟ್ಟು. ಎರಡನೆಯ ವರ್ಷದಲ್ಲಿ ಅದೇ ಮಗುವಿಗೆ ಕೂಡುವುದು ಎರಡು, ಎರಡೂವರೆ ಕಿಲೊ ಮಾತ್ರ. ಬೆಳವಣಿಗೆಯ ವೇಗ ಇಳಿದಾಗ ಹಸಿವೂ ಇಳಿಯುವುದು ಸಹಜ. "ಮೊದಲ ಚಲೋ ಉಣ್ಣತಿತ್ತು, ಈಗ ಉಣ್ಣವಲ್ಲದು" ಎಂಬ ತಾಯಂದಿರ ದೂರಿನ ಹಿಂದೆ ಅನೇಕ ವೇಳೆ ಇರುವುದು ಈ ಲೆಕ್ಕವೇ.

ಎರಡನೆಯದು, ಹೊಸದರ ಅಂಜಿಕೆ. ಅಂಬೆಗಾಲಿಡುವ ಮಗು ಸಿಕ್ಕದ್ದನ್ನೆಲ್ಲ ಬಾಯಿಗೆ ಹಾಕುತ್ತದೆ. ನಡೆಯಲು ಕಲಿತು ಒಂಟಿಯಾಗಿ ಅಂಗಳಕ್ಕೆ ಇಳಿಯುವ ವಯಸ್ಸಿನಲ್ಲಿ ಇದಕ್ಕೆ ವಿರುದ್ಧವಾದ ಗುಣ ಕಾಣಿಸಿಕೊಳ್ಳುತ್ತದೆ: ಗೊತ್ತಿಲ್ಲದ ತಿನಿಸನ್ನು ನಂಬುವುದಿಲ್ಲ. ಕಾಡಿನಲ್ಲಿ ಬದುಕಿದ ಆದಿಮಾನವನ ಕಾಲಕ್ಕೆ ಇದು ರಕ್ಷಣೆಯೇ ಆಗಿತ್ತೆಂದು ವಿಜ್ಞಾನಿಗಳು ವಿವರಿಸುತ್ತಾರೆ. ಹಸಿರೆಲೆಗಳಲ್ಲಿ ವಿಷವಿರುವವೂ ಇದ್ದವು. ವಿಷದ ಸಸ್ಯಗಳಲ್ಲಿ ಬಹಳಷ್ಟಕ್ಕೆ ಕಹಿ ರುಚಿ. ತಾಯಿಯ ಹಾಲಿಗೋ ಸಿಹಿ ರುಚಿ. ಆದ್ದರಿಂದ ಮಗು ಸಿಹಿಗೆ ಬಾಯಿ ತೆರೆಯುತ್ತದೆ, ಕಹಿಗೆ ಮುಖ ಕಿವುಚುತ್ತದೆ. ಇದನ್ನು ಯಾರೂ ಕಲಿಸಬೇಕಾಗಿಲ್ಲ. ಮೆಂತೆ ಪಲ್ಯಕ್ಕೆ ಬಾಯಿ ಮುಚ್ಚುವ ಕೂಸು ಅವ್ವನ ಮೇಲೆ ಹಗೆ ಸಾಧಿಸುತ್ತಿಲ್ಲ.

ಎಲ್ಲರ ನಾಲಿಗೆಯೂ ಒಂದೇ ಅಲ್ಲ. 1931ರಲ್ಲಿ ಅಮೆರಿಕದ ರಸಾಯನ ವಿಜ್ಞಾನಿ ಆರ್ಥರ್ ಫಾಕ್ಸ್ ಪ್ರಯೋಗಾಲಯದಲ್ಲಿ ಒಂದು ಪುಡಿಯನ್ನು ಬಾಟಲಿಗೆ ತುಂಬುತ್ತಿದ್ದಾಗ ಸ್ವಲ್ಪ ಗಾಳಿಗೆ ಹಾರಿತು. ಪಕ್ಕದಲ್ಲಿದ್ದ ಸಹೋದ್ಯೋಗಿ "ಕಹಿ, ಕಹಿ" ಎಂದು ದೂರಿದ. ಫಾಕ್ಸ್‌ಗೆ ಮಾತ್ರ ಏನೂ ರುಚಿ ಹತ್ತಲಿಲ್ಲ. ಆ ಪುಡಿಯ ಹೆಸರು ಫಿನೈಲ್‌ಥಯೋಕಾರ್ಬಮೈಡ್. ಈ ವ್ಯತ್ಯಾಸ ವಂಶದಿಂದ ಬರುವಂಥದು. ಅದಕ್ಕೆ ಮುಖ್ಯ ಕಾರಣವಾದ ಜೀನ್ 2003ರಲ್ಲಿ ಪತ್ತೆಯಾಯಿತು. ಕೋಸು, ಮೂಲಂಗಿಯಂಥ ತರಕಾರಿಗಳಲ್ಲಿ ಇದೇ ಬಗೆಯ ಕಹಿ ವಸ್ತುಗಳಿವೆ. ಒಂದೇ ಮನೆಯಲ್ಲಿ ಅಕ್ಕನಿಗೆ ಸಪ್ಪೆಯೆನಿಸುವ ಕೋಸು ತಮ್ಮನಿಗೆ ನಿಜವಾಗಿಯೂ ಕಹಿಯಾಗಿರಬಹುದು.

ಹತ್ತು ಸಲ, ಹದಿನೈದು ಸಲ

ಹಾಗಾದರೆ ಉಪಾಯವೇನು? ಅಮೆರಿಕದ ಮನೋವಿಜ್ಞಾನಿ ಲಿಯಾನ್ ಬರ್ಚ್ ಈ ಪ್ರಶ್ನೆಗೆ ದಶಕಗಳ ಕಾಲ ಉತ್ತರ ಹುಡುಕಿದರು. 1982ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಎರಡು ವರ್ಷದ ಮಕ್ಕಳಿಗೆ ಹೊಸ ತಿನಿಸುಗಳ ರುಚಿ ತೋರಿಸಲಾಯಿತು, ಕೆಲವನ್ನು ಎರಡೇ ಸಲ, ಕೆಲವನ್ನು ಹತ್ತು, ಹದಿನೈದು, ಇಪ್ಪತ್ತು ಸಲ. ಹೆಚ್ಚು ಸಲ ರುಚಿ ನೋಡಿದ ತಿನಿಸನ್ನೇ ಮಕ್ಕಳು ಹೆಚ್ಚು ಮೆಚ್ಚಿದರು. ಬರೀ ಕಣ್ಣಿಗೆ ತೋರಿಸಿದರೆ ಸಾಲದು, ನಾಲಿಗೆಗೆ ತಾಗಬೇಕು ಎಂಬುದು 1987ರ ಇನ್ನೊಂದು ಪ್ರಯೋಗದಿಂದ ತಿಳಿಯಿತು. ನಮ್ಮ ಮನೆಗಳಲ್ಲಿ ಆಗುವುದೇನು? ಎರಡು ಮೂರು ಸಲ ಉಗುಳಿದೊಡನೆ "ಇವಂಗ ಪಲ್ಯ ಸೇರೂದಿಲ್ಲ" ಎಂದು ತೀರ್ಪು ಕೊಟ್ಟು ಬಿಡುತ್ತೇವೆ. ತೀರ್ಪು ಕೂಸಿನ ಕಿವಿಗೂ ಬೀಳುತ್ತದೆ.

ಲಂಚದ ಮಾತೂ ಹೀಗೆಯೇ. ಹಾಲಿನಿಂದ ಮಾಡಿದ ಹೊಸ ರುಚಿಯ ಪಾನೀಯವನ್ನು ಕುಡಿದರೆ ಬಹುಮಾನ ಎಂದು ಬರ್ಚ್ ಅವರ ತಂಡ ಕೆಲವು ಮಕ್ಕಳಿಗೆ ಹೇಳಿತು. ಮಕ್ಕಳು ಕುಡಿದರೇನೋ ಸರಿ, ಆದರೆ ಪ್ರಯೋಗ ಮುಗಿದಾಗ ಆ ಪಾನೀಯದ ಮೇಲಿನ ಅವರ ಪ್ರೀತಿ ಕಡಿಮೆಯಾಗಿತ್ತು. ಗೋಕಾಕದ ಕರದಂಟು ಒಳ್ಳೆಯ ತಿನಿಸೇ. ಅಂಟು, ಬೆಲ್ಲ, ಕೊಬ್ಬರಿ, ಒಣಹಣ್ಣು ಎಲ್ಲವೂ ಅದರಲ್ಲಿವೆ. ಆದರೆ ಅದನ್ನು ಪಲ್ಯದ ಕೂಲಿಯಾಗಿ ಕೊಟ್ಟರೆ ಕೂಸು ಕಲಿಯುವ ಪಾಠ ಬೇರೆ: ಕರದಂಟು ಬಹುಮಾನ, ಪಲ್ಯ ಶಿಕ್ಷೆ.

ತಟ್ಟೆಯಲ್ಲಿ ಇಲ್ಲದಿದ್ದ ವಸ್ತು

ಮಕ್ಕಳ ತಜ್ಞೆ ಡಾ. ಕ್ಲಾರಾ ಡೇವಿಸ್ 1926ರಲ್ಲಿ ಅಮೆರಿಕದಲ್ಲಿ ಒಂದು ಅಪರೂಪದ ಪ್ರಯೋಗ ಆರಂಭಿಸಿದರು. ಆಗಷ್ಟೇ ತಾಯಿಹಾಲು ಬಿಡುತ್ತಿದ್ದ ಹದಿನೈದು ಕೂಸುಗಳ ಮುಂದೆ, ಒಟ್ಟು 34 ಬಗೆಯ ಆಹಾರಗಳ ಪಟ್ಟಿಯಿಂದ ಆಯ್ದು ಹೊತ್ತು ಹೊತ್ತಿಗೆ ಹಲವನ್ನು ಇಡಲಾಗುತ್ತಿತ್ತು. ದಾದಿಯರು ಒತ್ತಾಯಿಸುವಂತಿಲ್ಲ, ಸೂಚಿಸುವಂತೆಯೂ ಇಲ್ಲ. ಕೂಸು ಕೈ ತೋರಿಸಿದರೆ ಮಾತ್ರ ಚಮಚ ಬಾಯಿಗೆ. ಒಂದೊಂದು ದಿನ ಕೂಸುಗಳ ಆಯ್ಕೆ ವಿಚಿತ್ರವಾಗಿರುತ್ತಿತ್ತು. ಆದರೆ ತಿಂಗಳುಗಟ್ಟಲೆ ನೋಡಿದಾಗ ಎಲ್ಲರೂ ಚೆನ್ನಾಗಿ ಬೆಳೆದಿದ್ದರು.

ಇದನ್ನು ಓದಿ "ಕೂಸಿಗೆ ಬೇಕಾದ್ದು ತಿನ್ನಲಿ" ಎಂದು ಬಿಟ್ಟರೆ ತಪ್ಪಾದೀತು. ಗುಟ್ಟು ಇರುವುದು ಆಹಾರದ ಪಟ್ಟಿಯಲ್ಲಿ ಎಂದು 1939ರ ವರದಿಯಲ್ಲಿ ಡೇವಿಸ್ ಅವರೇ ಹೇಳಿದರು. ಆ ಪಟ್ಟಿಯಲ್ಲಿ ಹಾಲು, ತತ್ತಿ, ಮಾಂಸ, ಧಾನ್ಯ, ಹಣ್ಣು, ತರಕಾರಿ ಇದ್ದವು. ಸಕ್ಕರೆಯಾಗಲಿ ಸಕ್ಕರೆಯಿಂದ ಮಾಡಿದ ತಿನಿಸಾಗಲಿ ಇರಲಿಲ್ಲ. ಏನು ಬಡಿಸಬೇಕೆಂಬುದನ್ನು ಹಿರಿಯರು ನಿರ್ಧರಿಸಬೇಕು, ಅದರಲ್ಲಿ ಎಷ್ಟು ಉಣ್ಣಬೇಕೆಂಬುದನ್ನು ಕೂಸಿಗೆ ಬಿಡಬೇಕು. ಈ ಕೆಲಸದ ಹಂಚಿಕೆ ತಪ್ಪಿದಲ್ಲಿ ಜಗಳ ಶುರು.

ನಮ್ಮ ಕಡೆ ಹಸಿವನ್ನು ಕೊಲ್ಲುವ ವಸ್ತು ಸಂಜೆ ಐದಕ್ಕೇ ಬಂದಿರುತ್ತದೆ: ಚಹಾದಲ್ಲಿ ಅದ್ದಿದ ಖಾರಿ, ಬಿಸ್ಕಿಟು, ಅಂಗಡಿಯ ಕುರುಕಲು ಪ್ಯಾಕೆಟ್ಟು. ಐದಕ್ಕೆ ಹೊಟ್ಟೆ ತುಂಬಿದ ಕೂಸು ಎಂಟಕ್ಕೆ ಪಲ್ಯ ಬೇಡುವುದೆಂತು? ಚಹಾದ ದೋಷ ಇನ್ನೊಂದಿದೆ. ಅದರಲ್ಲಿರುವ ಟ್ಯಾನಿನ್ ಜಾತಿಯ ವಸ್ತುಗಳು ಆಹಾರದ ಕಬ್ಬಿಣವನ್ನು ಹಿಡಿದುಕೊಳ್ಳುತ್ತವೆ, ಮೈಗೆ ಸೇರಗೊಡುವುದಿಲ್ಲ. ವಿದ್ಯಾರ್ಥಿಗಳು ಇದನ್ನು ಶಾಲೆಯ ಪ್ರಯೋಗಾಲಯದಲ್ಲಿ ಶಿಕ್ಷಕರ ಎದುರು ಮಾಡಿ ನೋಡಬಹುದು. ಹಾಲಿಲ್ಲದ ಚಹಾಕ್ಕೆ ಒಂದು ಚಿಟಿಕೆ ಫೆರಸ್ ಸಲ್ಫೇಟ್ ಹಾಕಿದರೆ ಅದು ಮಸಿಯಂತೆ ಕಪ್ಪಾಗುತ್ತದೆ. ಕುಡಿಯಬಾರದು, ನೋಡಿ ಚೆಲ್ಲಬೇಕು. ಇದಕ್ಕೆ ವಿರುದ್ಧವಾಗಿ, ಪಲ್ಯಕ್ಕೆ ಹಿಂಡಿದ ನಿಂಬೆಹಣ್ಣಿನ ಸಿ ಜೀವಸತ್ವ ಕಬ್ಬಿಣವನ್ನು ಮೈಗೆ ಹತ್ತಿಸುತ್ತದೆ.

ಅಕ್ಕನ ನೋಟ್‌ಬುಕ್ಕು

ಮನೆಯಲ್ಲಿ ಹೈಸ್ಕೂಲು ಓದುವ ಅಕ್ಕ ಅಥವಾ ಅಣ್ಣ ಇದ್ದರೆ ಅವರೇ ಇದರ ವಿಜ್ಞಾನಿಗಳು. ಒಂದು ತರಕಾರಿ ಆರಿಸಿಕೊಳ್ಳಬೇಕು, ಗಜ್ಜರಿ ಎನ್ನೋಣ. ವಾರದಲ್ಲಿ ನಾಲ್ಕೈದು ದಿನ, ಕೂಸು ಹಸಿದಿರುವಾಗ, ಅದಕ್ಕೆ ಇಷ್ಟವಾದ ರೊಟ್ಟಿ-ಬೆಣ್ಣೆಯ ಪಕ್ಕದಲ್ಲಿ ಒಂದೇ ಚಮಚದಷ್ಟು ಬೇಯಿಸಿದ ಗಜ್ಜರಿ ಇಡಬೇಕು. ಗಜ್ಜರಿಯಲ್ಲಿರುವ ಎ ಜೀವಸತ್ವದ ಮೂಲವಸ್ತು ಮೈಗೆ ಹತ್ತಲು ಆ ಬೆಣ್ಣೆಯೂ ಬೇಕು. ಉಣ್ಣೆಂದು ಹೇಳಬಾರದು, ಬೈಯಬಾರದು, ಉಂಡರೆ ಕುಣಿದಾಡಲೂ ಬಾರದು. ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಬರೆದಿಡಬೇಕು: ನೋಡಿದ, ಮುಟ್ಟಿದ, ನೆಕ್ಕಿದ, ಉಗುಳಿದ, ನುಂಗಿದ. ಹದಿನೈದು ಸಲ ಆಗುವವರೆಗೆ ತೀರ್ಪು ಬರೆಯುವಂತಿಲ್ಲ.

ಅದೇ ಪಲ್ಯವನ್ನು ಮನೆಮಂದಿಯೆಲ್ಲ ಕೂತು ಉಣ್ಣಬೇಕು. ಅಪ್ಪ ಹೀರೇಕಾಯಿ ಬದಿಗೆ ಸರಿಸಿದರೆ ಮಗ ತಿನ್ನುವುದು ಕಷ್ಟ. ಬಟಾಣಿ ಒಲ್ಲದ ಮಗುವನ್ನು ಬಟಾಣಿ ಇಷ್ಟಪಡುವ ಮಕ್ಕಳ ಜೊತೆ ಕೂರಿಸಿದಾಗ ಕೆಲವೇ ದಿನಗಳಲ್ಲಿ ಅದೂ ಬಟಾಣಿಗೆ ಕೈ ಹಾಕಿದ್ದನ್ನು ಬರ್ಚ್ 1980ರಲ್ಲಿಯೇ ತೋರಿಸಿದ್ದರು. ಅಂಗನವಾಡಿಯಲ್ಲಿ ಸಾಲಾಗಿ ಕೂತು ಉಣ್ಣುವ ಕೂಸು ಮನೆಯಲ್ಲಿ ಒಲ್ಲದ್ದನ್ನು ಅಲ್ಲಿ ಉಣ್ಣುವುದರ ಮರ್ಮ ಇದೇ.

ಮೆಂತೆಯನ್ನು ಥಾಲಿಪೆಟ್ಟಿನಲ್ಲಿ ಕಲಸುವುದು, ಕಹಿ ಪಲ್ಯಕ್ಕೆ ಶೇಂಗಾ ಪುಡಿ ಉದುರಿಸುವುದು, ತೊಗರಿಬ್ಯಾಳಿಯೊಡನೆ ಪಾಲಕ ಬೇಯಿಸುವುದು, ಇವೆಲ್ಲ ನಮ್ಮ ಹೆಂಗಸರಿಗೆ ಗೊತ್ತಿರುವ ಜಾಣತನ. ಆದರೆ ಪೂರಾ ಅಡಗಿಸಿಟ್ಟರೆ ಹೊಟ್ಟೆಗೆ ಸೇರೀತೇ ಹೊರತು ಕಣ್ಣಿಗೆ ಪರಿಚಯವಾಗದು. ಪಕ್ಕದಲ್ಲಿ ಒಂದಿಷ್ಟು ಕಾಣುವಂತೆಯೂ ಇರಲಿ. ವಾರದ ಸಂತೆಗೆ ಕೂಸನ್ನು ಕರೆದೊಯ್ದು, ಒಂದು ಬದನೆಕಾಯನ್ನೋ ಸೌತೆಕಾಯನ್ನೋ ಅದರ ಕೈಯಿಂದಲೇ ಆರಿಸಿ ಚೀಲಕ್ಕೆ ಹಾಕಿಸಿದರೆ ಅರ್ಧ ಅಂಜಿಕೆ ಅಲ್ಲಿಯೇ ಕಳೆಯುತ್ತದೆ.

ಎರಡು ಎಚ್ಚರಿಕೆಗಳು. ಹಸಿ ಗಜ್ಜರಿಯ ತುಂಡು, ಇಡೀ ಶೇಂಗಾ ಕಾಳು ನಾಲ್ಕು ವರ್ಷದೊಳಗಿನವರ ಗಂಟಲಿಗೆ ಸಿಕ್ಕಿಕೊಳ್ಳುತ್ತವೆ; ಬೇಯಿಸಿ, ತುರಿದು, ಇಲ್ಲವೆ ಪುಡಿಮಾಡಿ ಕೊಡಬೇಕು. ಕೂಸಿನ ತೂಕ ಏರದಿದ್ದರೆ, ನುಂಗುವಾಗ ಒದ್ದಾಡಿದರೆ, ನಾಲ್ಕೈದು ತಿನಿಸು ಬಿಟ್ಟು ಬೇರೇನೂ ಮುಟ್ಟದಿದ್ದರೆ, ಮಣ್ಣು ಅಥವಾ ಬಳಪ ತಿನ್ನುತ್ತಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು. ಮಣ್ಣು ತಿನ್ನುವುದು ಅನೇಕ ಸಲ ಕಬ್ಬಿಣದ ಕೊರತೆಯ ಲಕ್ಷಣ.

ಉಳಿದ ಮನೆಗಳಲ್ಲಿ ಬೇಕಾದದ್ದು ತಾಳ್ಮೆಯೊಂದೇ. ನೋಟ್‌ಬುಕ್ಕಿನ ಒಂಬತ್ತನೆಯ ಸಾಲಿನಲ್ಲಿ "ನಾಲಿಗೆಗೆ ಹಚ್ಚಿ ಉಗುಳಿದ" ಎಂದು ಬರೆಯಬೇಕಾಗಿ ಬಂದರೆ ಅವ್ವ ಕಣ್ಣೀರು ಹಾಕಬೇಕಾಗಿಲ್ಲ. ಮೊದಲ ಸಾಲಿನಲ್ಲಿದ್ದದ್ದು "ನೋಡಿದ" ಎಂದಷ್ಟೆ. ಇನ್ನೂ ಆರು ಸಾಲು ಖಾಲಿ ಇವೆ.